ಪೂರ್ತಿ ಹೆಸರು

ವಿದ್ಯಾನಗರದಲ್ಲಿ ಬಸ್ಸಿಳಿದು ಕೋರ್ಟಿನತ್ತ ಹತ್ತುವಾಗ
ಕೋಟು ಕೈಯಲ್ಲಿ, ಬಿಳಿ ಬ್ಯಾಂಡು ಚೀಲದಲ್ಲಿ,
ಪರ್ಸಿನಲ್ಲಿ ಅಮ್ಮ ಎಣಿಸಿ ಕೊಟ್ಟ ಪ್ರವೇಶ ಶುಲ್ಕ.
ನೂರರ ನೋಟುಗಳಿಗೆ ಇನ್ನೂ ಹೊಗೆಸೊಪ್ಪಿನ ಘಾಟು.

"ವರ್ಷಕ್ಕೆಷ್ಟು ಕಟ್ಟಬೇಕು? ಕಷ್ಟಕ್ಕಾಗುತ್ತಾರಾ?
ಮುಷ್ಕರ ಬಂದರೆ ಅಕ್ಕಿ ಕೊಡುತ್ತಾರಾ?"
ಅಮ್ಮನಿಗೆ ಗೊತ್ತಿರುವ ಸಂಘ ಒಂದೇ, ಬೀಡಿ ಕಟ್ಟುವವರದ್ದು.
ಅದರ ಕೆಂಪು ಕಾರ್ಡು ಈಗಲೂ ಉಂಟು,
ದೇವರ ಪಟದ ಹಿಂದೆ, ರೇಶನ್ ಕಾರ್ಡಿನೊಟ್ಟಿಗೆ.
ಅಕ್ಕಿ ಕೊಡುವುದಿಲ್ಲಮ್ಮ, ಎಂದೆ,
ಕೂರಲಿಕ್ಕೆ ಜಾಗ ಕೊಡುತ್ತಾರೆ.
"ಅದಕ್ಕೆ ಇಷ್ಟು ದುಡ್ಡಾ?"

ಅಮ್ಮ ನೋಡಿಲ್ಲ. ಬಾರ್ ರೂಮಿನ ಕುರ್ಚಿಗಳ ಮೇಲೆ
ಯಾರೂ ಹೆಸರು ಬರೆದಿಲ್ಲ,
ಆದರೂ ಎಲ್ಲವಕ್ಕೂ ಹೆಸರಿದೆ.
ಎಂಟು ತಿಂಗಳು ಸೀನಿಯರರ ಫೈಲು ಎದೆಗವಚಿ
ಬಾಗಿಲ ದಾರಂದಕ್ಕೆ ಒರಗಿ ಕಲಿತೆ:
ಫ್ಯಾನಿನಡಿಯದು ನಂಬಿಯಾರರದು,
ಕೈ ಮುರಿದದ್ದು ವಾಹನ ಅಪಘಾತದ ಕೇಸಿನವರದು,
ಕಿಟಕಿ ಬದಿಯ ಬೆತ್ತದ್ದು ಶಂಭು ಶ್ಯಾನುಭಾಗರದು.
ಅವರಿಲ್ಲದಾಗಲೂ ಅದರಲ್ಲಿ ಅವರ ಬೆನ್ನಿನ ಗುಳಿ.

ಅರ್ಜಿ ಮಲಯಾಳದಲ್ಲಿ.
ಮೊದಲ ಸಾಲು: ಮುೞುವನ್ ಪೇರ್.
ಪೂರ್ತಿ ಹೆಸರು.
ಆ ೞ ಕಂಡು ಪೆನ್ನು ನಿಂತಿತು.
ಸರ್ಕಾರಿ ಕಾಲೇಜಿನ ಕನ್ನಡ ಕ್ಲಾಸಿನಲ್ಲಿ
ನಮ್ಮಿಂದ ಬಿಟ್ಟುಹೋದ ಅಕ್ಷರವೆಂದು
ಬೋರ್ಡಿನಲ್ಲಿ ಬರೆದು, ಒರೆಸಿ,
ಮುಂದಿನ ಪದ್ಯಕ್ಕೆ ಹೋಗಿದ್ದರು ಮೇಷ್ಟ್ರು.
ಇಲ್ಲಿ ನೋಡಿದರೆ ಪಕ್ಕದ ಮನೆ ಜಗಲಿಯಲ್ಲಿ
ಕಾಲು ಚಾಚಿ ಕೂತಿದೆ, ಏನೂ ಆಗದವರ ಹಾಗೆ.

ವಾರಿಜಾ ಕೆ.
"ಕೆ ಬಿಡಿಸಿ ಬರೆಯಬೇಕು," ಗುಮಾಸ್ತ ಹೇಳಿದ.
ಕಲ್ಯಾಣಿ. ಅಮ್ಮನ ಹೆಸರು.
"ಅಪ್ಪನದ್ದು?"
ಇದು ಪೂರ್ತಿ ಹೆಸರೇ, ಎಂದೆ.
ಹತ್ತಿರದ ಕುರ್ಚಿಯೊಂದು ಯಾಕೋ ಕಿರುಗುಟ್ಟಿತು.

ತಿಳಿದಿರುವ ಭಾಷೆಗಳು: ಜಾಗ ಎರಡಿಂಚು.
ತುಳು, ಕನ್ನಡ, ಮಲಯಾಳ, ಇಂಗ್ಲಿಷು,
ನೆರೆಮನೆಯಿಂದ ಸಾಲ ತಂದ ಬ್ಯಾರಿ ಅರ್ಧ.
ಅಕ್ಷರ ಸಣ್ಣದು ಮಾಡುತ್ತ ಮಾಡುತ್ತ ಕಾಗದದ ಅಂಚಿಗೆ ಬಂದೆ.

ಸೂಚಕರು ಮೂಸಕುಂಞಿ ವಕೀಲರು.
ಅನುಮೋದಕರು ಶಂಭು ಶ್ಯಾನುಭಾಗರು; ಕನ್ನಡದಲ್ಲಿ ಸಹಿ ಹಾಕಿ
ಶಾಯಿ ಒಣಗಲು ಊದಿ, ಕೇಳಿದರು:
"ಹಳೆ ಕೈಬರಹ ಓದಲಿಕ್ಕೆ ಬರುತ್ತದಾ?"
ಸ್ವಲ್ಪ, ಸರ್.
"ಸ್ವಲ್ಪ ಸಾಕು. ಉಳಿದದ್ದು ಕಕ್ಷಿಗಾರನೇ ಹೇಳುತ್ತಾನೆ."

ನನ್ನ ರಶೀದಿಗೆ ಹನ್ನೊಂದು ದಿನ.
ಸದಸ್ಯೆಯಾಗಿ ಕೂತ, ಅಲ್ಲ, ನಿಂತ ಮೊದಲ ಸಭೆ
ಅವರ ಸಂತಾಪದ್ದು.
ಒಂದು ನಿಮಿಷದ ಮೌನದ ನಡುವೆ
ಹೋಗಿದ್ದ ಕರೆಂಟು ಬಂತು.
ಫ್ಯಾನು ತಿರುಗಿ ಮೇಜಿನ ವಕಾಲತ್ತುಗಳೆಲ್ಲ ಹಾರಿ
ನೆಲದ ತುಂಬ ಹರಡಿದವು.
ಯಾರೂ ಬಗ್ಗಲಿಲ್ಲ.

ಮರುವಾರ ಮೂಸಕುಂಞಿ ವಕೀಲರ ಕೈಯಲ್ಲಿ
ಕೆಂಪು ಬಟ್ಟೆಯ ಕಟ್ಟು.
"ಮೋಳೇ, ಇದೊಂದು ಓದಿ ಹೇಳು.
ಇಷ್ಟು ವರ್ಷ ಅವರಿದ್ದರು."
ಅಜ್ಜನ ಕಾಲದ ಮೂಲಗೇಣಿ ಚೀಟು,
ಕೊಕ್ಕೆ ಕೊಕ್ಕೆ ಅಕ್ಷರ, ಪದಕ್ಕೂ ಪದಕ್ಕೂ ನಡುವೆ ಉಸಿರಿಲ್ಲ.
ಬೆರಳಿಟ್ಟು ಓದಿದೆ, ಅವರು ಮಲಯಾಳದಲ್ಲಿ ಬರೆದುಕೊಂಡರು:
ಮೂಡು ಗಡಿ, ಹರಿಯುವ ತೋಡು.
ತೆಂಕು ಗಡಿ, ಕೋಟೆಯ ಕುಸಿದ ಅಗಳು.
ಪಡು ಗಡಿ, ಅಯಿಸುಮ್ಮ ಎಂಬವರ ಗದ್ದೆಯ ಬದು.
ಬಡಗು ಗಡಿ…

"ಬಡಗು?"
ಅವರ ಪೆನ್ನು ಕಾಗದದ ಮೇಲೆ ಕಾದಿತ್ತು.
ಒರಲೆ ತಿಂದಿದೆ, ಸರ್.

ಮಡಿಕೆ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು
ತೂತಿನೊಳಗಿಂದ ಅವರೂ ನೋಡಿದರು, ತುಂಬ ಹೊತ್ತು.
"ನಿಂತೇ ಓದಬೇಡ, ಕೂತುಕೋ," ಎಂದರು.
ಎಲ್ಲಿ ಎಂದು ಹೇಳಲಿಲ್ಲ.